ನಲವತ್ತೇಳನೇ ಮಗ್ಗದ ಬಿಡುವು

ಮಗ್ಗ ಸದ್ದು ಮಾಡುತ್ತದೆಂಬುದು ಎಲ್ಲರಿಗೂ ಗೊತ್ತು. ಅದು ಸುಮ್ಮನಿರುವ ಹೊತ್ತನ್ನು ಅಳೆಯುವುದು ನನ್ನ ಕೆಲಸವಾಗಿತ್ತು.

ಒಂದು ಏಟು, ಒಂದು ಬಿಡುವು, ಮತ್ತೊಂದು ಏಟು. ಗುಳೇದಗುಡ್ಡದಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಬುಸದ ಖಣ ನೇಯುವ ಇನ್ನೂರ ಹನ್ನೆರಡು ಕುಣಿಮಗ್ಗಗಳ ಚೌಕಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದೊಂದು ಡಬ್ಬಿಯನ್ನು ನಾವು ಅಂಟಿಸಿದ್ದೆವು. ನೇಕಾರರು ಅದಕ್ಕೆ ‘ಕಿವಿ’ ಎಂದು ಹೆಸರಿಟ್ಟರು. “ನಿಮ್ಮ ಕಿವಿಗೆ ನಮ್ಮ ಜಗಳಾನೂ ಕೇಳತೈತೇನ್ರಿ?” ಎಂದು ಹೆಂಗಸರು ನಗುತ್ತಿದ್ದರು. ಕೇಳುತ್ತಿರಲಿಲ್ಲ. ಕಿವಿಗೆ ಮಾತು ತಿಳಿಯದು, ಅದುರು ಮಾತ್ರ ತಿಳಿಯುತ್ತದೆ. ನೇಯುವವರು ಬಲಗೈಯಿಂದ ಹಗ್ಗ ಜಗ್ಗಿ ಲಾಳಿ ಹಾರಿಸಿ, ಎಡಗೈಯಿಂದ ಹಲಗೆ ಎಳೆದು ನೂಲು ಬಡಿದಾಗ ಚೌಕಟ್ಟು ಅದುರುತ್ತದೆ. ಆ ಗಳಿಗೆಯನ್ನು ಅದು ಗುರುತಿಟ್ಟುಕೊಂಡು ಧಾರವಾಡದ ನಮ್ಮ ಪ್ರಯೋಗಾಲಯಕ್ಕೆ ಕಳಿಸುತ್ತಿತ್ತು.

ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳಿವೆ. ಒಂದೊಂದಕ್ಕೂ ಒಂದಿಷ್ಟು ಸ್ನಾಯುವಿನ ಎಳೆಗಳ ಹೊಣೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಈ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಆದರೆ ಒಂದು ಸತ್ತ ಕೂಡಲೇ ಅದರ ಎಳೆಗಳು ಅನಾಥವಾಗುವುದಿಲ್ಲ. ಪಕ್ಕದ ನರಕೋಶ ಹೊಸ ಟಿಸಿಲು ಚಾಚಿ ಅವುಗಳನ್ನೂ ವಹಿಸಿಕೊಳ್ಳುತ್ತದೆ. ಹಾಗಾಗಿ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಜೋಮಿಲ್ಲ. ಅರ್ಧದಷ್ಟು ಸತ್ತು, ಉಳಿದವು ಇನ್ನು ಹೊರಲಾರೆವು ಎಂದಾಗ ಒಂದು ದಿನ ಬೀಗದ ಕೀಲಿ ತಿರುಗುವುದಿಲ್ಲ, ಅಷ್ಟೆ.

ಎರಡು ಮನೆಯ ಕೆಲಸ ಹೊತ್ತ ನರಕೋಶ ಮಾತ್ರ ಮೊದಲಿನಷ್ಟು ನಯವಾಗಿ ದುಡಿಯಲಾರದು. ಏಟಿನ ಬಲ ತಗ್ಗುವ ಎಷ್ಟೋ ಮೊದಲೇ ಏಟುಗಳ ನಡುವಿನ ಬಿಡುವು ಏರುಪೇರಾಗತೊಡಗುತ್ತದೆ. ನಾವು ಅದನ್ನು ‘ತೊದಲು’ ಎನ್ನುತ್ತಿದ್ದೆವು. ಗಟ್ಟಿ ಕೈಯ ತೊದಲು ಇಪ್ಪತ್ತರ ಆಸುಪಾಸು. ನಲವತ್ತು ದಾಟಿ ವಾರವಾರವೂ ಏರಿದರೆ ಪರದೆಯ ಮೇಲೆ ಆ ಮಗ್ಗದ ಗೆರೆ ಕೆಂಪಾಗುತ್ತದೆ. ಎಪ್ಪತ್ತು ದಾಟಿದರೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಹೊಸ ಮದ್ದು ಬಂದು ಆಗ ಎರಡು ವರ್ಷವಾಗಿತ್ತು. ತಿಂಗಳಿಗೊಮ್ಮೆ ಬೆನ್ನುಹುರಿಯ ಸುತ್ತಲಿನ ನೀರಿಗೆ ಚುಚ್ಚುವ ಅದು ಬದುಕಿರುವ ನರಕೋಶಗಳನ್ನು ಉಳಿಸುತ್ತಿತ್ತು. ಸತ್ತವನ್ನು ಎಬ್ಬಿಸುತ್ತಿರಲಿಲ್ಲ. ತಡವಾಗಿ ಕೊಟ್ಟರೆ ಉಳಿಸಲು ಏನೂ ಇರುತ್ತಿರಲಿಲ್ಲ.

ನನ್ನ ಅಪ್ಪನ ಕಾಲಕ್ಕೆ ಮದ್ದೂ ಇರಲಿಲ್ಲ, ಕಿವಿಯೂ ಇರಲಿಲ್ಲ. ಅಪ್ಪ ಗಣಿತದ ಮಾಸ್ತರರು. ಒಂದು ದಿನ ಅವರ ಕೈಯಿಂದ ಸೀಮೆಸುಣ್ಣ ಬಿತ್ತು. ಹುಡುಗರು ನಕ್ಕರು, ಅಪ್ಪನೂ ನಕ್ಕರು. ಆಮೇಲೆ ಹದಿನಾಲ್ಕು ತಿಂಗಳು ನಾವು ಅದನ್ನು ವಾಯು ಎಂದೆವು, ಸುಸ್ತು ಎಂದೆವು. ಈಗಲೂ ಯಾರಾದರೂ ಮಾತು ನಿಲ್ಲಿಸಿ ಕೈ ನೋಡಿಕೊಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಲವತ್ತೇಳನೇ ಮಗ್ಗ ಕೆಂಪಾದದ್ದು ಶ್ರಾವಣದ ಒಂದು ಮಂಗಳವಾರ. ತೊದಲು ನಲವತ್ಮೂರು. ಪಟ್ಟಿಯಲ್ಲಿದ್ದ ಹೆಸರು ಮುರಿಗೆಪ್ಪ ಕಮತಗಿ, ವಯಸ್ಸು ನಲವತ್ತೊಂಬತ್ತು.

ನಮ್ಮ ಮುಖ್ಯಸ್ಥೆ ಡಾಕ್ಟರ್ ಇನಾಮದಾರ ಬಾಯಿ ನನ್ನ ಕುರ್ಚಿಯ ಹಿಂದೆ ನಿಂತು ಗೆರೆ ನೋಡಿದರು. “ವಾರಕ್ಕ ಮೂರು ಏರಲಿಕ್ಕೆ ಹತ್ತೇದ. ಒಂಬತ್ತು ವಾರ ಅದ ನಮ್ಮ ಕೈಯಾಗ. ಹೋಗಿ ಕರಕೊಂಡು ಬಾ, ಲೀಲಾ. ರೋಗದ ಹೆಸರು ನೀ ಹೇಳಬ್ಯಾಡ, ನಾ ಹೇಳತೀನಿ.”

*

ನಾನು ಗುಳೇದಗುಡ್ಡದ ಅವರ ಓಣಿಗೆ ಹೋದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಬಾಗಿಲು ತಟ್ಟಿದ ಕೂಡಲೇ ಒಳಗಿನ ಮಗ್ಗ ನಿಂತಿತು. ಬಾಗಿಲು ತೆರೆದವರು ಮುರಿಗೆಪ್ಪನವರ ಹೆಂಡತಿ ಇಂದ್ರವ್ವ. ಹಿಂದೆಯೇ ಮುರಿಗೆಪ್ಪ ಒಳಮನೆಯಿಂದ ಬಂದರು. ಮಣಿಕಟ್ಟಿನವರೆಗೂ ಕೈ ಬೆಳ್ಳಗಿತ್ತು.

“ಹಾಸಿನ ನೂಲಿಗೆ ಗಂಜಿ ಹಚ್ಚಾಕತ್ತಿದ್ನಿರಿ,” ಎಂದು ನಾನು ಕೇಳದಿದ್ದರೂ ಹೇಳಿ, ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

ಊಟ ಮಾಡಿಸದೆ ಕಳಿಸಲಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ರೊಟ್ಟಿ ದಪ್ಪಗಿತ್ತು, ಅಂಚು ಸೀಳಿತ್ತು.

“ಈಗೀಗ ಕೈ ತಿರಗವಲ್ದು, ತಂಗಿ. ಹೆಂಗ ಆಗ್ಯಾವೋ ಏನೋ, ಉಂಡುಬಿಡು,” ಎಂದರು ಇಂದ್ರವ್ವ.

“ಚಲೋ ಆಗ್ಯಾವ,” ಎಂದೆ. ಯಾಕೋ ಆ ಮಾತಿಗೆ ಮುಖ ಅರಳಿದ್ದು ಮುರಿಗೆಪ್ಪನವರದು.

ಧಾರವಾಡಕ್ಕೆ ಬರಲು ಅವರು ತಕರಾರು ಮಾಡಲಿಲ್ಲ. ಮುಂದಿನ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ವಿದ್ಯುತ್ತನ್ನು ಕೇಳುವ ಪರೀಕ್ಷೆ ಅದು. ತೋಳು, ತೊಡೆ, ನಾಲಿಗೆ, ಬೆನ್ನು. ಇಡೀ ದಿನ ಹಿಡಿಯುತ್ತದೆ.

“ಸೂಜಿ ತಗೊಂಡು ನನ್ನ ಹೊಲ್ಯಾಕ ನಿಂತೀರೇನ್ರಿ ಬಾಯಾರ? ನಾವು ನೇಯೋ ಮಂದಿ. ಹೊಲಿಯೋರು ಬ್ಯಾರೆ ಓಣ್ಯಾಗ ಅದಾರ.”

“ಅಲುಗಾಡಬ್ಯಾಡ್ರಿ. ಹರಿದಲ್ಲಿ ಹೊಲಿಗಿ ಹಾಕೋದು ಇದ್ದದ್ದ,” ಎಂದರು ಇನಾಮದಾರ ಬಾಯಿ.

ಮಧ್ಯಾಹ್ನ ಎಡಗೈಯ ಹೆಬ್ಬೆರಳ ಬುಡಕ್ಕೆ ಸೂಜಿ ಹೋದಾಗ ಮುರಿಗೆಪ್ಪ ಆ ಬೆರಳನ್ನೇ ನೋಡಿದರು. ಆಮೇಲೆ ಕೇಳಿದರು: “ಬಾಯಾರ, ಈ ರೋಗ ಗಂಡಸರಿಗಷ್ಟ ಬರತೈತೇನು, ಹೆಂಗಸರಿಗೂ ಬರತೈತಿ?”

“ಯಾರಿಗೂ ಬರಬಹುದು. ಯಾಕ?”

“ಸುಮ್ನ ಕೇಳಿದ್ನಿ.”

ಸಂಜೆಯವರೆಗೆ ಅವರು ಮತ್ತೆ ಜೋಕು ಹೇಳಲಿಲ್ಲ. ಬಿಡುವು ಅಳೆಯುವುದೇ ಉದ್ಯೋಗವಾಗಿದ್ದ ನಾನು ಆ ಬಿಡುವನ್ನು ಕೇಳಿಯೂ ಬಿಟ್ಟುಬಿಟ್ಟೆ.

ಫಲಿತಾಂಶ ಬಂತು. ಮುರಿಗೆಪ್ಪನವರ ಒಂದೊಂದು ನರಕೋಶವೂ ಗಟ್ಟಿಯಾಗಿತ್ತು. “ಇಪ್ಪತ್ತು ವರ್ಷದ ಹುಡುಗನ ಕೈ ಇದು,” ಎಂದರು ಇನಾಮದಾರ ಬಾಯಿ. ಮುರಿಗೆಪ್ಪ ಬಾಡಿದ ಮುಖದಲ್ಲೇ ನಮಸ್ಕಾರ ಮಾಡಿದರು. ರೋಗವಿಲ್ಲ ಎಂದು ಕೇಳಿದ ಮನುಷ್ಯನ ಮುಖ ಹಾಗಿರುವುದಿಲ್ಲ.

*

ಕಿವಿ ಮಾತ್ರ ಒಪ್ಪಲಿಲ್ಲ. ನಲವತ್ತೊಂಬತ್ತು. ಐವತ್ತೆರಡು. ಐವತ್ತೈದು.

ನಾವು ಡಬ್ಬಿ ಬದಲಿಸಿದೆವು. ಚೌಕಟ್ಟಿನ ಮೊಳೆಗಳು ಸಡಿಲಾಗಿವೆಯೇ ಎಂದು ನೋಡಿಸಿದೆವು. ಏನೂ ಸಿಗಲಿಲ್ಲ. ಈ ಯೋಜನೆಯನ್ನು ಮುಂದುವರಿಸಬೇಕೇ ಎಂದು ನೋಡುವ ಪರಿಶೀಲನಾ ಸಮಿತಿ ಬರುವ ದಿನ ಹತ್ತಿರವಾಗಿತ್ತು. ಒಂದು ಸುಳ್ಳು ಗಂಟೆ ಬಾರಿಸುವ ಯಂತ್ರವನ್ನು ಇನ್ನೊಂದು ಊರಿಗೆ ಯಾರೂ ಬಿಟ್ಟುಕೊಳ್ಳುವುದಿಲ್ಲ.

“ನಲವತ್ತೇಳನ್ನ ಪಟ್ಟಿಯಿಂದ ತಗದುಬಿಡು,” ಎಂದರು ಇನಾಮದಾರ ಬಾಯಿ. “ಮಧ್ಯಾಹ್ನ ದಣಿವಾಗಿ ತೊದಲತದ ಅಂತ ಬರಿ.”

“ದಣಿದ ಕೈ ದಿನಾ ಬೆಳಿಗ್ಗೆ ಮತ್ತ ಸುಧಾರಿಸತದ, ಬಾಯಾರ. ಖರೆ. ಆದರ ವಾರವಾರ ಏರೂದ್ಯಾಕ?”

“ಏನವಾ, ಇಡೀ ದಿನ ಸೂಜಿ ಹಾಕಿ ನೋಡೀನಲ್ಲ? ನನ್ನ ಸೂಜಿ ಸುಳ್ಳೋ, ನಿನ್ನ ಡಬ್ಬಿ ಸುಳ್ಳೋ?”

ಆಮೇಲೆ ಊಟದ ಡಬ್ಬಿ ತೆರೆದರೂ ನಲವತ್ತೇಳರ ಸದ್ದು ಕೇಳುತ್ತಿತ್ತು. ಬಸ್ಸಿನಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳಿನಿಂದ ಅದೇ ತಾಳ ಬಡಿದು ನೋಡುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಸರಿದು ಕೂತಳು.

ಮಗ್ಗವೊಂದನ್ನು ಪಟ್ಟಿಯಿಂದ ತೆಗೆಯಬೇಕಾದರೆ ಒಂದು ನಿಯಮವಿತ್ತು. ಸೂಜಿ ಪರೀಕ್ಷೆ ನಡೆದ ದಿನ ಆ ಮಗ್ಗದ ಗೆರೆ ಹೇಗಿತ್ತು ಎಂಬುದನ್ನು ಟಿಪ್ಪಣಿಗೆ ಲಗತ್ತಿಸಬೇಕು. ಮುರಿಗೆಪ್ಪ ಅಂದು ನಮ್ಮೆದುರಿಗೇ ಇದ್ದುದರಿಂದ ಖಾಲಿ ಗೆರೆ ಸಿಗುತ್ತದೆಂದುಕೊಂಡು ಆ ಬುಧವಾರದ ಪುಟ ತೆಗೆದೆ.

ಖಾಲಿ ಇರಲಿಲ್ಲ.

ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ಗೆರೆ ತುಂಬಿ ನಿಂತಿತ್ತು. ಮುರಿಗೆಪ್ಪನವರ ಹೆಬ್ಬೆರಳಿಗೆ ನಾವು ಸೂಜಿ ಚುಚ್ಚಿಕೊಂಡು ಕೂತಿದ್ದ ಹೊತ್ತಿಗೆ, ಅಷ್ಟು ದೂರದ ಗುಳೇದಗುಡ್ಡದಲ್ಲಿ ಅವರ ಮಗ್ಗ ಹತ್ತು ಸಾವಿರ ಸಲ ಬಡಿದಿತ್ತು. ಒಂದೊಂದು ಏಟಿನ ಮಧ್ಯೆಯೂ ತೊದಲು.

ಆರು ತಿಂಗಳ ಹಿಂದೆ ಕಿವಿ ಅಂಟಿಸಲು ಹೋದಾಗ ಫಾರ್ಮು ತುಂಬಿದವಳು ನಾನೇ. ಮಗ್ಗದಲ್ಲಿ ಯಾರು ಕೂಡುತ್ತಾರೆ ಎಂದು ಕೇಳಿದ್ದೆ. “ನಮ್ಮನಿಯವರರೀ,” ಎಂದಿದ್ದರು ಇಂದ್ರವ್ವ. ಹಾಗೆನ್ನುವಾಗ ಅವರು ಮಗ್ಗದ ಕುಣಿಯೊಳಗಿಂದ ಕಾಲು ಮೇಲೆತ್ತಿಕೊಂಡು, ಸೆರಗಿನಿಂದ ನೂಲಿನ ಹೊಟ್ಟು ಝಾಡಿಸಿಕೊಳ್ಳುತ್ತಿದ್ದರು. ನಾನು ಅದನ್ನು ಕಣ್ಣಾರೆ ನೋಡುತ್ತಲೇ ಮುರಿಗೆಪ್ಪ ಎಂದು ಬರೆದುಕೊಂಡಿದ್ದೆ. ಆ ಊರಲ್ಲಿ ಮಗ್ಗಕ್ಕೆ ಗಂಡಸಿನ ಹೆಸರು. ನೇಕಾರರ ಸಂಘದ ಪಟ್ಟಿಯಲ್ಲೂ ಅವನ ಹೆಸರೇ. ಹೆಂಗಸು ಇಡೀ ದಿನ ನೇಯ್ದರೂ ಅದು ‘ಕೈ ಆಡಿಸುವುದು’. ಇದು ಗೊತ್ತಿಲ್ಲದವಳೇನಲ್ಲ ನಾನು.

ಇಂದ್ರವ್ವ ಒಬ್ಬರೇ ನೇಯ್ದ ಆ ಬುಧವಾರದ ಗೆರೆಯನ್ನು ಮಾದರಿಯಾಗಿಟ್ಟು ಉಳಿದ ದಿನಗಳಲ್ಲಿ ಇಬ್ಬರ ಏಟುಗಳನ್ನು ಬೇರೆ ಮಾಡಿದೆ. ದಿನದ ಮೊದಲ ಕಾಲು ಭಾಗ ಮುರಿಗೆಪ್ಪನವರದು, ತೊದಲು ಇಪ್ಪತ್ತೆರಡು. ಉಳಿದ ಮುಕ್ಕಾಲು ಇಂದ್ರವ್ವನವರದು. ಕಿವಿ ಇಬ್ಬರನ್ನೂ ಒಬ್ಬನೆಂದು ತಿಳಿದು ಸರಾಸರಿ ತೆಗೆಯುತ್ತಿತ್ತು. ಗಂಡನ ಗಟ್ಟಿ ಕೈ ಹೆಂಡತಿಯ ಸಂಖ್ಯೆಯನ್ನು ಕೆಳಗೆ ಜಗ್ಗಿ ಹಿಡಿದಿತ್ತು. ಐವತ್ತೈದಲ್ಲ, ಅವರದು ಅರವತ್ತಾರು. ನಮ್ಮ ಕೈಯಲ್ಲಿ ಉಳಿದಿದ್ದದ್ದು ಐದು ವಾರವಲ್ಲ. ಒಂದೇ ವಾರ.

ಇನಾಮದಾರ ಬಾಯಿ ಎರಡು ಗೆರೆಗಳನ್ನೂ ನೋಡಿ ಕನ್ನಡಕ ತೆಗೆದರು. “ಸೂಜಿನೂ ಖರೆ, ಡಬ್ಬಿನೂ ಖರೆ,” ಎಂದರು. “ನಾವಿಬ್ಬರ ಸುಳ್ಳು. ಜೀಪು ತಗೊಂಡು ಹೋಗು.”

*

ಆ ಓಣಿಗೆ ಮತ್ತೆ ಮಧ್ಯಾಹ್ನದ ಹೊತ್ತಿಗೇ ತಲುಪಿದೆ. ಎಲ್ಲ ಮನೆಗಳಿಂದಲೂ ರೊಟ್ಟಿ ಬಡಿಯುವ ಸದ್ದು. ಈ ಸಲ ನಾನು ಬಾಗಿಲು ತಟ್ಟಲಿಲ್ಲ. ಹೊರಗೆ ನಿಂತು ಕೇಳಿದೆ.

ಮುಂದಿನ ಕೋಣೆಯಲ್ಲಿ ಮಗ್ಗ ಬಡಿಯುತ್ತಿತ್ತು. ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಿತ್ತು. ಎರಡೂ ಒಟ್ಟಿಗೆ. ಆ ಮನೆಯಲ್ಲಿದ್ದದ್ದು ಇಬ್ಬರೇ.

ಬಾಗಿಲು ದೂಡಿದೆ. ಇಂದ್ರವ್ವ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಹಲಗೆಯನ್ನು ಬೆರಳಿನಿಂದ ಹಿಡಿದಿರಲಿಲ್ಲ, ಮಣಿಕಟ್ಟನ್ನು ಕೊಕ್ಕೆಯಂತೆ ಬಾಗಿಸಿ ಎಳೆಯುತ್ತಿದ್ದರು. ನನ್ನನ್ನು ಕಂಡು ಹಲಗೆ ಬಿಟ್ಟರು. ಒಳಗಿನ ಸದ್ದೂ ನಿಂತಿತು.

“ಯಾರಬೇ ಅದು?” ಎನ್ನುತ್ತ ಬಂದ ಮುರಿಗೆಪ್ಪನವರ ಕೈ ಮತ್ತೆ ಮಣಿಕಟ್ಟಿನವರೆಗೂ ಬೆಳ್ಳಗಿತ್ತು. ಈಗ ಅದು ಗಂಜಿಯಲ್ಲ, ಜೋಳದ ಹಿಟ್ಟು ಎಂದು ಕಂಡಿತು.

ಅವರು ಕೈಗಳನ್ನು ಬೆನ್ನ ಹಿಂದೆ ಸರಿಸಿದರು.

“ಮಂದಿಗೆ ಹೇಳಬ್ಯಾಡ್ರಿ,” ಎಂದರು ಮುರಿಗೆಪ್ಪ. “ಓಣ್ಯಾಗ ನನ್ನ ರೊಟ್ಟಿ ಮುರಿಗೆವ್ವ ಅಂತ ಕರೀತಾರ.”

“ಎಷ್ಟು ದಿನಾ ಆತ್ರಿ?”

“ಯುಗಾದಿಯಿಂದ,” ಎಂದರು ಇಂದ್ರವ್ವ. “ರೊಟ್ಟಿಗೆ ಬೆರಳ ಬೇಕು, ತಂಗಿ. ಮಗ್ಗಕ್ಕ ತೋಳ ಸಾಕು. ಅದಕ್ಕ ಕೆಲಸ ಅದಲು ಬದಲು ಮಾಡಿಕೊಂಡ್ವಿ. ಬ್ಯಾನಿಲ್ಲ, ಏನಿಲ್ಲ. ಬ್ಯಾನಿ ಇದ್ದಿದ್ರ ದವಾಖಾನಿಗೆ ಹೋಗತಿದ್ನಿ.”

ಎಡಗೈ ಕೇಳಿದೆ. ಕೊಟ್ಟರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಳಿದುಹೋಗಿ ಅಲ್ಲೊಂದು ಗುಳಿ ಬಿದ್ದಿತ್ತು. ಮುಂಗೈ ಚರ್ಮದ ಕೆಳಗೆ ಏನೋ ಹರಿದಾಡಿತು. ಅವರು ಆಡಿಸಿದ್ದಲ್ಲ, ತಾನಾಗಿಯೇ.

“ನೀರಾಗ ಸಣ್ಣ ಮೀನ ಹೊಳ್ಳಿದಂಗ ಆಗತೈತಿ,” ಎಂದರು. “ನೂಲು ಹರಿಯಾಕ ಆಗವಲ್ದು, ಹಲ್ಲಿಲೆ ಕಡೀತೀನಿ.”

“ಅಕ್ಕಾರ, ಇವತ್ತ ಧಾರವಾಡಕ್ಕ ಹೋಗೂಣು.”

“ಇವತ್ತ ಹೆಂಗಾಗತೈತಿ? ಹಾಸು ಅರ್ಧಕ್ಕ ಐತಿ. ಇದನ್ನ ಮುಗಿಸಿ, ಮುಂದಿನ ತಿಂಗಳ ಬರತೀನಿ.”

“ನಾ ಮುಗಸತೀನೇಳ,” ಎಂದರು ಮುರಿಗೆಪ್ಪ.

“ನಿಮ್ಮ ಏಟ ಬ್ಯಾರೆ, ನನ್ನ ಏಟ ಬ್ಯಾರೆ. ಮುಂಜಾನಿ ಎರಡ ಗೇಣ ನೀವು ನೇಯ್ದ್ರ ಬಟ್ಟಿ ಹೇಳಿಬಿಡತೈತಿ, ಪೂರಾ ಕೈ ಬದಲಾದ್ರ ಹೆಂಗ?”

“ಬಟ್ಟಿ ಆಗಲೇ ಹೇಳೇತಿ, ಅಕ್ಕಾರ,” ಎಂದೆ. “ಕೇಳೋರು ನಾವು ಕೇಳಲಿಲ್ಲ.”

ಅವರು ತಲೆಯಾಡಿಸಿದರು. ಎದ್ದೇಳಲಿಲ್ಲ. “ಹೆಸರ ಹಚ್ಚಿದ್ರ ರೋಗ ದೊಡ್ಡದಾಗತೈತಿ, ತಂಗಿ. ಈಗ ಇದು ಬರೇ ಕೈ ಸುಸ್ತ.”

ಆಗ ನಾನು ಯಾರಿಗೂ ಹೇಳದ್ದನ್ನು ಹೇಳಿದೆ. ಅಪ್ಪನ ಅಂಗಿಯ ಗುಂಡಿಯನ್ನು ಅವ್ವ ಹಾಕುತ್ತಿದ್ದಳು, ಅವರು ಕೇಳುವ ಮೊದಲೇ. ಪರೀಕ್ಷೆಯ ಪೇಪರುಗಳಿಗೆ ನಾನು ಅಂಕ ಬರೆಯುತ್ತಿದ್ದೆ, ಅವರದೇ ಅಕ್ಷರದಂತೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಹುಡುಗರು ಬರೆಯುತ್ತಿದ್ದರು. ಅಪ್ಪನ ಒಂದು ಕೈಯ ಕೆಲಸವನ್ನು ನಾವೆಲ್ಲ ಹಂಚಿಕೊಂಡುಬಿಟ್ಟೆವು. ಮನೆ ಎಷ್ಟು ಚೆನ್ನಾಗಿ ನಡೆಯಿತೆಂದರೆ ಅಪ್ಪನಿಗೆ ರೋಗವಿದೆ ಎಂದು ಯಾರಿಗೂ ತಿಳಿಯಲಿಲ್ಲ, ನಮಗೂ. “ನಾವು ಪ್ರೀತಿಯಿಂದನ ಮಾಡಿದ್ವಿ, ಅಕ್ಕಾರ. ಕಡೀಕ ಅವರು ಒಂದು ಮಾತು ಹೇಳಬೇಕಂದ್ರೂ ನಾಲಿಗಿ ಏಳಲಿಲ್ಲ. ಏನು ಹೇಳಾಕ ಹೊಂಟಿದ್ರು ಅಂತ ನನಗ ಇವತ್ತಿಗೂ ಗೊತ್ತಿಲ್ಲ.”

ಮುರಿಗೆಪ್ಪ ಹಿಟ್ಟಿನ ಕೈಯಿಂದಲೇ ಮುಖ ಒರೆಸಿಕೊಂಡರು. “ಅವತ್ತ ಡಾಕ್ಟರ್ ಬಾಯಾರ ಮುಂದ ಬಾಯಿ ತನಕ ಬಂದಿತ್ರಿ,” ಎಂದರು. “ಹೇಳಿದ್ರ ಖರೆ ಆಗತೈತೇನೋ ಅಂತ ಅಂಜಿದ್ನಿ.”

ಇಂದ್ರವ್ವ ಗಂಡನನ್ನೇ ನೋಡಿದರು. ಗಲ್ಲದ ಮೇಲೆಲ್ಲ ಹಿಟ್ಟು ಬಳಿದುಕೊಂಡು ನಿಂತಿದ್ದ ಆ ದೊಡ್ಡ ಗಂಡಸನ್ನು ಕಂಡು ಅವರಿಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ. ಕುಣಿಯಿಂದ ಕಾಲು ಮೇಲೆತ್ತಿಕೊಂಡರು.

“ನಡ್ರಿ,” ಎಂದರು. “ಹಂಚಿನ ಮ್ಯಾಲಿನ ರೊಟ್ಟಿ ಇಳಿಸಿ ಬರ್ರಿ ಮೊದಲ.”

*

ಸೂಜಿ ಪರೀಕ್ಷೆಯ ಮಾರನೆಯ ದಿನ ಇನಾಮದಾರ ಬಾಯಿ ಇಬ್ಬರನ್ನೂ ಎದುರು ಕೂರಿಸಿಕೊಂಡು ರೋಗದ ಹೆಸರು ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಎಡಗೈ ಹೆಬ್ಬೆರಳು ಹೋಗಿದೆ, ಅದು ಮರಳಿ ಬರುವುದಿಲ್ಲ. ತೋಳು, ಕಾಲು, ನಾಲಿಗೆ, ಉಸಿರು, ಎಲ್ಲ ಕಡೆಗೂ ಸಾವು ಶುರುವಾಗಿದೆ, ಆದರೆ ಅಲ್ಲೆಲ್ಲ ನೂರಕ್ಕೆ ಅರವತ್ತರಷ್ಟು ನರಕೋಶಗಳು ಬದುಕಿವೆ.

“ಅವು ಉಳೀತಾವೇನ್ರಿ?” ಎಂದರು ಮುರಿಗೆಪ್ಪ.

“ಮದ್ದು ಹಿಡಿದರ ಉಳೀತಾವ. ಹಿಡೀತದೋ ಇಲ್ಲೋ ಮೂರು ತಿಂಗಳು ಕಾಯಬೇಕು.”

“ನಾ ಮಗ್ಗದಾಗ ಕುಂದ್ರಬಹುದೇನ್ರಿ?” ಎಂದರು ಇಂದ್ರವ್ವ.

“ದಣಿಯೂ ತನಕ ಕೂಡಬ್ಯಾಡ್ರಿ. ಆದರ ಕೂಡ್ರಿ. ಇಲ್ಲಿಕಂದ್ರ ಈ ಹುಡುಗಿಗೆ ನಿಮ್ಮ ಸುದ್ದಿ ಹೆಂಗ ತಿಳೀಬೇಕು?”

ಮೊದಲ ಚುಚ್ಚುಮದ್ದು ಕೊಟ್ಟ ದಿನ ತೊದಲು ಅರವತ್ತೊಂಬತ್ತು.

ನಾನು ಹೊಸ ಫಾರ್ಮು ತೆಗೆದೆ. ಮಗ್ಗದಲ್ಲಿ ಯಾರು ಕೂಡುತ್ತಾರೆ ಎಂಬ ಪ್ರಶ್ನೆಯ ಮುಂದೆ ಒಂದೇ ಗೆರೆಯ ಜಾಗವಿತ್ತು. ಅದನ್ನು ಹೊಡೆದುಹಾಕಿ ನಾಲ್ಕು ಗೆರೆ ಮಾಡಿದೆ. ಇನ್ನೂರ ಹನ್ನೆರಡು ಮನೆಗಳಿಗೂ ಮತ್ತೊಮ್ಮೆ ಹೋದೆ. ಬಾಗಿಲು ತಟ್ಟದೆ, ಮೊದಲು ಹೊರಗೆ ನಿಂತು ಕೇಳಿ. ಇನ್ನೂರ ಹನ್ನೆರಡು ಮಗ್ಗಗಳಲ್ಲಿ ಮುನ್ನೂರ ತೊಂಬತ್ತಾರು ಜನ ನೇಯುತ್ತಿದ್ದರು. ಸಮಿತಿಯವರಿಗೆ ಅದನ್ನೇ ಹೇಳಿದೆವು: ಯಂತ್ರ ಸರಿಯಾಗಿ ಕೇಳುತ್ತದೆ, ಯಾರನ್ನು ಕೇಳುತ್ತಿದ್ದೇವೆಂದು ನಮಗೇ ಗೊತ್ತಿರಲಿಲ್ಲ.

ಆ ಮೂರು ತಿಂಗಳು ನಾನು ಹೇಗಿದ್ದೆನೆಂದು ಹೇಳುವುದು ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಮುಟ್ಟಿಸಿ ನೋಡಿಕೊಳ್ಳುತ್ತಿದ್ದೆ. ಇಂದ್ರವ್ವನವರ ತೊದಲು ದಸರೆಗೆ ಎಪ್ಪತ್ತಾಯಿತು. ಒಂದೆರಡು ದಿನ ಪರದೆಯ ಕಡೆ ನೋಡದೆ ತಿರುಗಾಡಿದೆ. ದೀಪಾವಳಿಗೆ ಮತ್ತೆ ಅರವತ್ತೊಂಬತ್ತು. ಮುಂದಿನ ವಾರ ಅರವತ್ತೊಂಬತ್ತು. ಅದರ ಮುಂದಿನ ವಾರವೂ.

ಮೂರನೇ ತಿಂಗಳು ತುಂಬಿದ ದಿನ ಮಧ್ಯಾಹ್ನ ನಲವತ್ತೇಳರ ಗೆರೆ ನೋಡಿದೆ. ಅರವತ್ತೊಂಬತ್ತು. ಏರಿಲ್ಲ. ಇಳಿಯುವುದಂತೂ ಇಲ್ಲ. ಇನ್ನೂ ಎಷ್ಟು ವರ್ಷ ಹೀಗೇ ನಿಂತೀತು ಎಂದು ಯಾರಿಗೂ ಗೊತ್ತಿಲ್ಲ. ಇನಾಮದಾರ ಬಾಯಿ ಭುಜದ ಮೇಲಿಂದ ಬಗ್ಗಿ ನೋಡಿ, ನನ್ನ ಕೈಗೆ ಫೋನು ಕೊಟ್ಟು ಹೋದರು.

ಎತ್ತಿದವರು ಮುರಿಗೆಪ್ಪ. ನಾನು ಸಂಖ್ಯೆ ಹೇಳಿದೆ. ಅವರು ಫೋನನ್ನು ಮಗ್ಗದ ಕಡೆ ಹಿಡಿದರೆಂದು ತೋರುತ್ತದೆ. ಏಟು, ಬಿಡುವು, ಏಟು. ಒಂದೇ ಹೊತ್ತಿಗೆ ನನ್ನ ಕಿವಿಯಲ್ಲೂ, ಎದುರಿನ ಪರದೆಯಲ್ಲೂ.

ಇದ್ದಕ್ಕಿದ್ದಂತೆ ಮಗ್ಗ ನಿಂತಿತು. ನಾನು ಪರದೆಯತ್ತ ಬಗ್ಗಿದೆ.

“ಫೋನ್ ಹಿಡಕೊಂಡು ಏನ ನಿಂತೀರಿ?” ಇಂದ್ರವ್ವನವರ ದನಿ, ಒಂದು ಅಕ್ಷರವೂ ತಡವರಿಸದೆ. “ಅಲ್ಲಿ ರೊಟ್ಟಿ ಹೊತ್ತತೈತಿ ನೋಡ್ರಿ!”

ದಡದಡ ಓಡುವ ಹೆಜ್ಜೆ. ಅದರ ಹಿಂದೆ ಆ ಹೆಂಗಸಿನ ನಗು. ಪರದೆಯ ಮೇಲೆ ಯಂತ್ರ ಆ ಬಿಡುವನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಇದೇನೆಂದು ನನ್ನನ್ನು ಕೇಳಿತು.

ಅದೊಂದನ್ನು ನಾನು ಅಳೆಯಲಿಲ್ಲ.